'ದಿ ಹಾಂಟಿಂಗ್' (1963): ಏನನ್ನೂ ತೋರಿಸದೆ ಹೆದರಿಸುತ್ತದೆ, ಆದರೆ ಮಾತು ಜಾಸ್ತಿ ಆಯ್ತಾ?

ಕತ್ತಲಕೋಣೆ:

ಮೊನ್ನೆ ರಾತ್ರಿ 'ದಿ ಹಾಂಟಿಂಗ್' ನಾಲ್ಕನೇ ಸಲ ನೋಡಿದೆ. ರಾಬರ್ಟ್ ವೈಸ್ ನಿರ್ದೇಶನದ 1963ರ ಕಪ್ಪುಬಿಳುಪು ಚಿತ್ರ, 1999ರಲ್ಲಿ ಅದೇ ಹೆಸರಿನಲ್ಲಿ ಬಂದದ್ದಲ್ಲ. ದೆವ್ವದ ಮನೆಯ ಚಿತ್ರಗಳಲ್ಲಿ ನನ್ನ ಮನಸ್ಸಿಗೆ ಇಷ್ಟು ಹತ್ತಿರವಾದದ್ದು ಇನ್ನೊಂದಿಲ್ಲ. ಆದರೂ ಪ್ರತಿ ಸಲ ನೋಡುವಾಗ ಒಂದು ವಿಷಯ ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಚುಚ್ಚುತ್ತದೆ. ಅದನ್ನು ನಿಮ್ಮ ಮುಂದೆ ಇಡೋಣ ಅನಿಸಿತು. ಚಿತ್ರದ ಕೊನೆಯವರೆಗೂ ಮಾತಾಡುತ್ತೇನೆ, ಹಾಗಾಗಿ ನೋಡಿಲ್ಲದವರು ನೋಡಿಕೊಂಡು ಬನ್ನಿ.

ಕಥೆ ಸರಳ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಹಿಲ್ ಹೌಸ್ ಅನ್ನುವ ಹಳೇ ಬಂಗಲೆ. ಕಟ್ಟಿಸಿದವನು ಹ್ಯೂ ಕ್ರೇನ್. ಅವನ ಮೊದಲ ಹೆಂಡತಿ ಮನೆಯನ್ನು ಕಣ್ಣಲ್ಲಿ ನೋಡುವ ಮೊದಲೇ ಗಾಡಿ ಮರಕ್ಕೆ ಬಡಿದು ಸತ್ತಳು. ಎರಡನೆಯವಳು ಮೆಟ್ಟಿಲಿಂದ ಬಿದ್ದು ಸತ್ತಳು. ಈಗ ಡಾಕ್ಟರ್ ಮಾರ್ಕ್‌ವೇ ಅನ್ನುವ ಸಂಶೋಧಕ ಆ ಮನೆಯಲ್ಲಿ ಏನಿದೆ ಅಂತ ಪರೀಕ್ಷೆ ಮಾಡಲು ಹೊರಡುತ್ತಾನೆ. ಜೊತೆಗೆ ಇಬ್ಬರು ಹೆಂಗಸರು. ಥಿಯೋಗೆ ಬೇರೆಯವರ ಮನಸ್ಸಿನಲ್ಲಿರುವುದು ತಿಳಿಯುತ್ತದೆ. ನೆಲ್ ಚಿಕ್ಕವಳಿದ್ದಾಗ ಅವಳ ಮನೆಯ ಮೇಲೆ ಎಲ್ಲಿಂದಲೋ ಕಲ್ಲು ಬಿದ್ದಿದ್ದವು. ಮನೆಯ ಮುಂದಿನ ವಾರಸುದಾರ ಲ್ಯೂಕ್ ಕೂಡ ಬರುತ್ತಾನೆ. ನೆಲ್ 11 ವರ್ಷ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವಳು. ತಾಯಿ ಹೋದ ಮೇಲೆ ಸೋದರಿಯ ಮನೆಯ ಹಾಲಿನಲ್ಲಿ ಸೋಫಾ ಮೇಲೆ ಮಲಗುತ್ತಾಳೆ. ತನ್ನದು ಅನ್ನುವ ಒಂದು ಮೂಲೆಯೂ ಅವಳಿಗಿಲ್ಲ.

ಈಗ ನನಗೆ ಇಷ್ಟವಾದದ್ದು. ಇಡೀ ಚಿತ್ರದಲ್ಲಿ ಒಂದು ದೆವ್ವವೂ ಕಾಣಿಸುವುದಿಲ್ಲ. ಬಿಳಿ ಸೀರೆಯಂಥ ನೆರಳಾಗಲಿ, ಕೊಳೆತ ಮುಖವಾಗಲಿ, ರಕ್ತವಾಗಲಿ ಇಲ್ಲ. ಮೊದಲ ರಾತ್ರಿ ಗೋಡೆಗೆ ಯಾರೋ ಬಡಿಯುವ ಸದ್ದು. ನೆಲ್ ಅರೆನಿದ್ದೆಯಲ್ಲಿ ತಾಯಿ ಕರೆಯುತ್ತಿದ್ದಾಳೆ ಅಂದುಕೊಂಡು, ಬಂದೆ ಅಂತ ಉತ್ತರ ಕೊಡುತ್ತಾಳೆ. ಆಮೇಲೆ ಅವಳಿಗೆ ತಾಯಿ ಸತ್ತಿರುವುದು ನೆನಪಾಗುತ್ತದೆ. ಆ ಒಂದು ಗಳಿಗೆ ನನ್ನ ಬೆನ್ನಲ್ಲಿ ಈಗಲೂ ಚಳಿ ಓಡಿಸುತ್ತದೆ. ನಂತರ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಮಂಚದ ಮೇಲೆ ಕೂತಿರುತ್ತಾರೆ. ಸದ್ದು ಪಡಸಾಲೆಯ ಉದ್ದಕ್ಕೂ ಬಾಗಿಲು ಬಾಗಿಲಾಗಿ ಬರುತ್ತದೆ. ಇವರ ಬಾಗಿಲ ಹತ್ತಿರ ನಿಲ್ಲುತ್ತದೆ. ಹಿಡಿ ಮೆಲ್ಲಗೆ ತಿರುಗುತ್ತದೆ. ಕ್ಯಾಮೆರಾ ಆ ಹಿಡಿಯನ್ನು ಬಿಟ್ಟು ಕದಲುವುದಿಲ್ಲ.

ಮುಳ್ಳು ಯಾವುದು ಅಂದರೆ, ನೆಲ್ ಮನಸ್ಸಿನಲ್ಲಿ ಮಾತಾಡುತ್ತಲೇ ಇರುತ್ತಾಳೆ. ಕಾರು ಓಡಿಸುವಾಗ, ಕೋಣೆಗೆ ಕಾಲಿಡುವಾಗ, ಯಾರಾದರೂ ಮುಖ ಗಂಟಿಕ್ಕಿದಾಗ, ಎಲ್ಲಾ ಕಡೆ ಅವಳ ಒಳದನಿ. ನನ್ನನ್ನು ಯಾರೋ ಕಾಯುತ್ತಿದ್ದಾರೆ, ನಾನು ಇಲ್ಲಿಗೆ ಸೇರಿದವಳು, ಇವರಿಗೆ ನಾನು ಬೇಡವಾದೆ, ಹೀಗೆ. ನೆಲ್ ಪಾತ್ರ ಮಾಡಿದ ಜೂಲಿ ಹ್ಯಾರಿಸ್ ಮುಖದಲ್ಲಿ ಅದೆಲ್ಲಾ ಮೊದಲೇ ಕಾಣುತ್ತಿದೆಯಲ್ಲ, ಮತ್ತೆ ಯಾಕೆ ಹೇಳಬೇಕು? ದೆವ್ವದ ವಿಷಯದಲ್ಲಿ ನಮ್ಮನ್ನು ಅಷ್ಟು ನಂಬಿದ ಚಿತ್ರ ಮನುಷ್ಯಳ ವಿಷಯದಲ್ಲಿ ಯಾಕೆ ನಂಬಲಿಲ್ಲ? ಇದು ನನ್ನ ಪ್ರಶ್ನೆ.

ಸೌಂಡ್‌ಪೆಟ್ಟಿಗೆ:

ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಸದ್ದಿನ ಕಡೆಯಿಂದ ಮಾತಾಡುತ್ತೇನೆ, ಏಕೆಂದರೆ ಈ ಚಿತ್ರವನ್ನು ನಾನು ಮೊದಲು ಪ್ರೀತಿಸಿದ್ದು ಕಿವಿಯಿಂದ.

ಆ ಬಡಿತದ ಸದ್ದುಗಳನ್ನು ಶೂಟಿಂಗ್‌ಗೆ ಮೊದಲೇ ಧ್ವನಿಮುದ್ರಣ ಮಾಡಿಟ್ಟುಕೊಂಡಿದ್ದರು. ನಟರು ನಟಿಸುವಾಗ ಸೆಟ್‌ನಲ್ಲಿ ಅದನ್ನು ಜೋರಾಗಿ ಹಾಕುತ್ತಿದ್ದರು. ಸಾಮಾನ್ಯವಾಗಿ ನಿರ್ದೇಶಕ ಪಕ್ಕದಲ್ಲಿ ನಿಂತು "ಈಗ ಸದ್ದಾಯ್ತು, ಹೆದರಿ" ಅನ್ನುತ್ತಾನೆ, ಸದ್ದನ್ನು ಆಮೇಲೆ ಸೇರಿಸುತ್ತಾರೆ. ಇಲ್ಲಿ ಹಾಗಲ್ಲ. ಥಿಯೋ ಆಗಿರುವ ಕ್ಲೇರ್ ಬ್ಲೂಮ್ ಮತ್ತು ಜೂಲಿ ಹ್ಯಾರಿಸ್ ನಿಜವಾಗಿ ಕೇಳಿಸಿಕೊಳ್ಳುತ್ತಿದ್ದಾರೆ. ಅವರ ಕಣ್ಣುಗಳನ್ನು ಗಮನಿಸಿ. ಸದ್ದು ಎಡಕ್ಕೆ ಹೋದರೆ ಇಬ್ಬರ ಕಣ್ಣೂ ಒಟ್ಟಿಗೆ ಎಡಕ್ಕೆ ಹೋಗುತ್ತವೆ. ಆ ಹೊಂದಾಣಿಕೆಯಿಂದಲೇ ನಮಗೆ ಗೋಡೆಯ ಆಚೆ ಏನೋ ನಡೆದಾಡುತ್ತಿದೆ ಅನ್ನಿಸುವುದು.

ಇನ್ನೊಂದು. ಆ ದೃಶ್ಯದಲ್ಲಿ ಸಂಗೀತ ಹಿಂದೆ ಸರಿದು ಸದ್ದಿಗೆ ಜಾಗ ಬಿಡುತ್ತದೆ. ಸಂಗೀತ ಇದ್ದರೆ ಯಾರೋ ನಮ್ಮನ್ನು ಹೆದರಿಸಲು ಕೂತಿದ್ದಾರೆ ಅಂತ ಗೊತ್ತಾಗುತ್ತದೆ, ಒಂದು ಬಗೆಯ ಧೈರ್ಯ ಬರುತ್ತದೆ. ಬರೀ ಸದ್ದು ಇದ್ದಾಗ ಆ ಧೈರ್ಯವೂ ಹೋಗುತ್ತದೆ.

ಆದರೆ ಬೇರೆ ಕಡೆ ಹಂಫ್ರಿ ಸರ್ಲ್ ಅವರ ಸಂಗೀತ ನನಗೆ ಜಾಸ್ತಿ ಅನಿಸಿದೆ. ದೊಡ್ಡ ಸಂಗೀತಗಾರ, ಹೆಸರಾಂತ ಸಂಗೀತ ಸಂಯೋಜಕ ಆಂಟನ್ ವೆಬರ್ನ್ ಹತ್ತಿರ ಕಲಿತವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ನೆಲ್ ಮೊದಲ ಸಲ ಮನೆಯನ್ನು ನೋಡುವಾಗ ವಾದ್ಯಗಳೆಲ್ಲಾ ಒಟ್ಟಿಗೆ ಬಂದು ಮೈಮೇಲೆ ಬೀಳುತ್ತವೆ. ಆ ಮನೆಯ ಮುಖವೇ ಸಾಕಿತ್ತು. ನನಗೆ ಚಿತ್ರದ ದೊಡ್ಡ ತಪ್ಪು ಒಳದನಿಯಲ್ಲ, ಇಂಥ ಕಡೆ ಸಂಗೀತ ಸುಮ್ನಿರದೆ ಇದ್ದದ್ದು.

ಹೊಸನೋಡುಗ:

ಎಲ್ಲರೂ ಹೊಗಳುತ್ತಿರುವಾಗ ನಾನು ಹೀಗೆ ಹೇಳಬಾರದೇನೋ, ಆದರೆ ನನಗೆ ಚಿತ್ರ ಹಿಡಿಸಲಿಲ್ಲ. ನಾನು ಮೊದಲು 1999ರದ್ದು ನೋಡಿದ್ದೆ, ಅದೂ ಇಷ್ಟವಾಗಿರಲಿಲ್ಲ. ಅದರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಭೂತ, ಜೀವ ಬಂದು ಕದಲುವ ಕೆತ್ತನೆಗಳು, ಎಲ್ಲವನ್ನೂ ತೋರಿಸಿಬಿಡುತ್ತಾರೆ. ಹಳೆಯದು ಇದಕ್ಕೆ ಉಲ್ಟಾ ಅಂತ ಕೇಳಿ ಆಸೆಯಿಂದ ಕೂತೆ. ಮೊದಲ ಅರ್ಧ ಗಂಟೆ ಬರೀ ಮಾತು. ನೆಲ್ ಪಾತ್ರದ ಮೇಲೆ ನನಗೆ ಪ್ರೀತಿಯೇ ಹುಟ್ಟಲಿಲ್ಲ. ಒಂದು ಕ್ಷಣ ಅಳು, ಒಂದು ಕ್ಷಣ ಕೋಪ, ಥಿಯೋ ಮೇಲೆ ಸುಮ್ನೆ ರೇಗುತ್ತಾಳೆ. ಅವಳಿಗೆ ಏನಾಗುತ್ತದೋ ಅನ್ನುವ ಚಿಂತೆ ನನಗೆ ಬರಲಿಲ್ಲ. ಚಿಂತೆ ಇಲ್ಲದಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು?

ಬಾಗಿಲು ಉಬ್ಬುವ ದೃಶ್ಯ ಮಾತ್ರ ಒಪ್ಪಿಕೊಳ್ಳುತ್ತೇನೆ. ಅದು ಹೇಗೆ ಮಾಡಿದರು ಅಂತ ಯಾರಿಗಾದರೂ ಗೊತ್ತಾ? ಮರದ ಬಾಗಿಲು ಉಸಿರಾಡುವ ಹಾಗೆ ಒಳಗೆ ಬರುತ್ತದಲ್ಲ.

ಬಿಳಿಪರದೆ:

ಅದರಲ್ಲಿ ದೊಡ್ಡ ತಂತ್ರ ಏನೂ ಇಲ್ಲ. ತೆಳು ಪದರಗಳನ್ನು ಅಂಟಿಸಿ ಮಾಡಿದ ಮರದ ಬಾಗಿಲು, ಹಿಂದೆ ಒಬ್ಬ ಕೆಲಸಗಾರ ನಿಂತು ಮರದ ತುಂಡಿನಿಂದ ತಳ್ಳುತ್ತಿದ್ದ, ಅಷ್ಟೇ. ಆ ದೃಶ್ಯದ ಶಕ್ತಿ ಇರುವುದು ಆಯ್ಕೆಯಲ್ಲಿ. ನಾಲ್ಕು ಜನ ಒಂದೇ ಕೋಣೆಯಲ್ಲಿ ಇದ್ದಾರೆ. ಅಲ್ಲಿವರೆಗೆ ಸದ್ದು ಕೇಳಿದ್ದು ಇಬ್ಬರು ಹೆಂಗಸರಿಗೆ ಮಾತ್ರ. ಮೊದಲ ರಾತ್ರಿ ಗಂಡಸರು ನಾಯಿಯಂಥ ಯಾವುದನ್ನೋ ಅಟ್ಟಿಸಿಕೊಂಡು ಹೊರಗೆ ಹೋಗಿದ್ದರು, ಅವರಿಗೆ ಏನೂ ಕೇಳಿಸಿರಲಿಲ್ಲ. ಈಗ ನಾಲ್ವರೂ ಒಟ್ಟಿಗೆ ನೋಡುತ್ತಾರೆ. ಇದು ನೆಲ್ ತಲೆಯೊಳಗಿನ ಕಥೆ ಅಂತ ಸಮಾಧಾನ ಮಾಡಿಕೊಂಡಿದ್ದವರಿಗೆ ಆ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಮನೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಥೆ ನ್ಯೂ ಇಂಗ್ಲೆಂಡಿನದ್ದಾದರೂ ಚಿತ್ರ ತೆಗೆದದ್ದು ಇಂಗ್ಲೆಂಡಿನಲ್ಲಿ. ಎಂಜಿಎಂ ಕಂಪನಿಯ ಬ್ರಿಟಿಷ್ ವಿಭಾಗ ಸುಮಾರು 10.5 ಲಕ್ಷ ಡಾಲರ್ ಕೊಡಲು ಒಪ್ಪಿತು, ಹಾಗಾಗಿ ಕೆಲಸ ಅಲ್ಲಿಗೆ ಹೋಯಿತು. ಹೊರಗಿನಿಂದ ಕಾಣುವ ಮನೆ ವಾರಿಕ್‌ಶೈರ್‌ನ ಎಟಿಂಗ್ಟನ್ ಪಾರ್ಕ್. ಒಳಗಿನ ಕೋಣೆಗಳೆಲ್ಲಾ ಬೋರ್‌ಹ್ಯಾಮ್‌ವುಡ್ ಸ್ಟುಡಿಯೋದಲ್ಲಿ ಎಲಿಯಟ್ ಸ್ಕಾಟ್ ಕಟ್ಟಿದ ಸೆಟ್‌ಗಳು. ಹೊರಗಿನ ಕೆಲವು ಶಾಟ್‌ಗಳನ್ನು ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ತೆಗೆದಿದ್ದಾರೆ. ಅದರಲ್ಲಿ ಆಕಾಶ ಕಪ್ಪಗಾಗುತ್ತದೆ, ಕಲ್ಲಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಹಗಲು ಹೊತ್ತಿನಲ್ಲೂ ಆ ಮನೆ ರಾತ್ರಿಯನ್ನು ಹೊದ್ದುಕೊಂಡ ಹಾಗೆ ಕಾಣುವುದು ಅದಕ್ಕೇ.

ಸೆಟ್‌ಗಳಿಗೆ ಚಾವಣಿ ಇತ್ತು. ಆ ಕಾಲದ ಸೆಟ್‌ಗಳಲ್ಲಿ ಬೆಳಕು ಹಾಕುವುದಕ್ಕೆ ಮೇಲ್ಗಡೆ ಖಾಲಿ ಬಿಡುವುದು ರೂಢಿ. ವೈಸ್ ಚಾವಣಿ ಬೇಕೇ ಬೇಕು ಅಂದರು. ಅವರು 'ಸಿಟಿಜನ್ ಕೇನ್' ಚಿತ್ರದ ಸಂಕಲನಕಾರ ಅನ್ನುವುದು ನೆನಪಿರಲಿ, ಚಾವಣಿ ತಲೆಯ ಮೇಲೆ ಕೂತಾಗ ಮನುಷ್ಯ ಎಷ್ಟು ಚಿಕ್ಕವನಾಗುತ್ತಾನೆ ಅನ್ನುವುದನ್ನು ಅಲ್ಲಿ ಹತ್ತಿರದಿಂದ ಕಂಡವರು. ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. ಅವರಿಗೆ 30 ಎಂಎಂ ವೈಡ್ ಲೆನ್ಸ್ ಬೇಕಿತ್ತು. ಲೆನ್ಸ್ ತಯಾರಿಸುವ ಪಾನಾವಿಷನ್ ಕಂಪನಿಯ ಹತ್ತಿರ ಇದ್ದದ್ದು ಇನ್ನೂ ಪೂರ್ತಿ ತಯಾರಾಗಿರಲಿಲ್ಲ, ಚಿತ್ರವನ್ನು ಸೊಟ್ಟ ಮಾಡುತ್ತಿತ್ತು. ಲೆನ್ಸ್‌ನಲ್ಲಿ ದೋಷ ಇದೆ ಅಂತ ತನಗೆ ಗೊತ್ತು ಎಂದು ಸಹಿ ಹಾಕಿಕೊಟ್ಟು ವೈಸ್ ಅದನ್ನು ತೆಗೆದುಕೊಂಡರು. ಅವರಿಗೆ ಬೇಕಾಗಿದ್ದೇ ಆ ದೋಷ. ಹಿಲ್ ಹೌಸ್‌ನಲ್ಲಿ ಒಂದು ಮೂಲೆಯೂ ನೇರ ಇಲ್ಲ, ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಅಂತ ಕಥೆಯಲ್ಲೇ ಬರುತ್ತದೆ. ಆ ಸೊಟ್ಟತನ ಲೆನ್ಸ್‌ನಿಂದಲೇ ಬಂತು.

ಸೋಲು ಅಂದರೆ ನನ್ನ ಮಟ್ಟಿಗೆ ಲ್ಯೂಕ್. ರಸ್ ಟ್ಯಾಂಬ್ಲಿನ್ ಒಳ್ಳೆ ನಟ, ವೈಸ್ ಅವರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಮಿಂಚಿದವರು. ಇಲ್ಲಿ ಅವರಿಗೆ ಕೊಟ್ಟದ್ದು ಕುಡಿಯುವುದು, ಮನೆ ಮಾರಿದರೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕುವುದು, ಪ್ರತಿ ಹೆದರಿಕೆಯ ನಂತರ ಒಂದು ಹಗುರ ಮಾತು ಹೇಳುವುದು. ಕಟ್ಟಿದ ಬಿಗಿ ಪ್ರತಿ ಸಲ ಅಲ್ಲಿ ಸಡಿಲಾಗುತ್ತದೆ. ಅದೇ ಲ್ಯೂಕ್ ಕೊನೆಗೆ ಈ ಮನೆಯನ್ನು ಸುಟ್ಟುಹಾಕಬೇಕು ಅನ್ನುತ್ತಾನೆ. ಆ ಬದಲಾವಣೆ ಚೆನ್ನಾಗಿದೆ. ಆದರೆ ಅಲ್ಲಿಗೆ ತಲುಪುವ ದಾರಿಯನ್ನು ಚಿತ್ರ ತೋರಿಸಲಿಲ್ಲ.

ಕತ್ತಲಕೋಣೆ:

ಲ್ಯೂಕ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ.

ಹೊಸನೋಡುಗ, ನೀವು ಹೇಳಬಾರದ್ದು ಏನೂ ಹೇಳಿಲ್ಲ. ನೆಲ್ ಮೇಲೆ ಪ್ರೀತಿ ಹುಟ್ಟುವುದು ಕಷ್ಟ ಅನ್ನುವುದು ನಿಜ. ನನಗೂ ಮೊದಲ ಸಲ ಹಾಗೇ ಆಗಿತ್ತು. ಆದರೆ ಒಂದು ಕೇಳುತ್ತೇನೆ. ಅವಳ ಜೊತೆ ಇರುವ ಮೂವರಿಗೂ ಅವಳ ಮೇಲೆ ಬೇಸರ ಬರುತ್ತದೆ, ಅಲ್ವಾ? ನೋಡುವ ನಮಗೂ ಬೇಸರ ಬಂದರೆ, ಅವಳ ಪರವಾಗಿ ಉಳಿಯುವುದು ಆ ಮನೆ ಒಂದೇ. ಅಲ್ಲಿ ನನಗೆ ಒಂಥರಾ ತಪ್ಪಿತಸ್ಥ ಭಾವನೆ ಬರುತ್ತದೆ.

ಪುಸ್ತಕದಹುಳು:

ಚಿತ್ರಕ್ಕೆ ಆಧಾರ ಶರ್ಲಿ ಜಾಕ್ಸನ್ 1959ರಲ್ಲಿ ಬರೆದ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಕಾದಂಬರಿ. ಅದನ್ನು ಓದಿದವಳಾಗಿ ಒಂದೆರಡು ಮಾತು.

ಚಿತ್ರಕಥೆ ಬರೆದ ನೆಲ್ಸನ್ ಗಿಡ್ಡಿಂಗ್ ಅವರಿಗೆ ಒಂದು ಅನುಮಾನ ಬಂದಿತ್ತು. ಇದು ದೆವ್ವದ ಕಥೆಯೇ ಅಲ್ಲವೇನೋ, ಎಲೀನರ್ (ನೆಲ್‌ಳ ಪೂರ್ತಿ ಹೆಸರು) ಆಸ್ಪತ್ರೆಯಲ್ಲಿದ್ದುಕೊಂಡು ಇದನ್ನೆಲ್ಲಾ ಕಲ್ಪಿಸಿಕೊಳ್ಳುತ್ತಿದ್ದಾಳೇನೋ ಅಂತ. ವೈಸ್ ಮತ್ತು ಗಿಡ್ಡಿಂಗ್ ಜಾಕ್ಸನ್ ಅವರನ್ನೇ ಹೋಗಿ ಕೇಳಿದರು. ಯೋಚನೆ ಚೆನ್ನಾಗಿದೆ, ಆದರೆ ತಾನು ಬರೆದದ್ದು ನಿಜವಾಗಿಯೂ ದೆವ್ವದ ಮನೆಯ ಬಗ್ಗೆ ಅಂತ ಅವರು ಹೇಳಿದರು. ಚಿತ್ರದಲ್ಲಿ ಆ ಅನುಮಾನದ ವಾಸನೆ ಇನ್ನೂ ಉಳಿದಿದೆ. ಒಳದನಿ ಅಷ್ಟು ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಊಹೆ.

ಕಾದಂಬರಿಯಲ್ಲಿ ನಾವು ಪೂರ್ತಿ ಎಲೀನರ್ ತಲೆಯೊಳಗೇ ಇರುತ್ತೇವೆ. ಅವಳು ಸುಳ್ಳು ಹೇಳುವುದೂ, ದಾರಿಯಲ್ಲಿ ಕಂಡ ಪ್ರತಿ ಮನೆಯಲ್ಲೂ ತಾನು ಬದುಕುತ್ತಿರುವಂತೆ ಕನಸು ಕಾಣುವುದೂ ನಮಗೆ ಗೊತ್ತಾಗುತ್ತದೆ. ಪುಟದ ಮೇಲೆ ಅದು ಮಾಯೆ. ಪರದೆಯ ಮೇಲೆ ಅದನ್ನೇ ದನಿಯಾಗಿ ಹಾಕಿದರೆ ಅರ್ಧ ಮಾಯೆ ಸೋರಿಹೋಗುತ್ತದೆ. ಈ ವಿಷಯದಲ್ಲಿ ನಾನು ಕತ್ತಲಕೋಣೆ ಅವರ ಕಡೆ.

ಆದರೆ ಚಿತ್ರ ಕಾದಂಬರಿಗಿಂತ ಮುಂದೆ ಹೋದ ಒಂದು ಜಾಗ ಇದೆ, ಅದು ಶುರುವಿನಲ್ಲೇ. ಹ್ಯೂ ಕ್ರೇನ್ ಮಗಳು ಆಬಿಗೇಲ್. ಮಗುವಾಗಿದ್ದಾಗಿನಿಂದ ಮುದುಕಿಯಾಗುವವರೆಗೆ ಅದೇ ಮಕ್ಕಳ ಕೋಣೆಯಲ್ಲಿ ಕಳೆದವಳು. ವೈಸ್ ಅದನ್ನು ದಿಂಬಿನ ಮೇಲಿನ ಒಂದು ಮುಖದಲ್ಲಿ ಹೇಳಿಬಿಡುತ್ತಾರೆ. ಪುಟ್ಟ ಹುಡುಗಿಯ ಮುಖ ನಮ್ಮ ಕಣ್ಣೆದುರಿಗೇ ಕರಗಿ ಕರಗಿ ಸುಕ್ಕುಗಟ್ಟುತ್ತದೆ. ಒಂದು ಜೀವಮಾನ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಆಮೇಲೆ ಆ ಮುದುಕಿ ಸಹಾಯಕ್ಕೆ ಕೋಲಿನಿಂದ ಗೋಡೆಗೆ ಬಡಿಯುತ್ತಾಳೆ, ಆರೈಕೆಗೆ ಇದ್ದ ಹುಡುಗಿ ಬರುವುದಿಲ್ಲ. ನೆಲ್ ಕಥೆ ಗೊತ್ತಾದ ಮೇಲೆ ಈ ಭಾಗವನ್ನು ಮತ್ತೆ ನೋಡಿ. ಮನೆಗೆ ಅವಳು ಬರುವ ಮೊದಲೇ ಅವಳ ಗುಟ್ಟು ಗೊತ್ತಿತ್ತು ಅನಿಸುತ್ತದೆ.

ಥಿಯೋ ಪಾತ್ರಕ್ಕೆ ಮಾತ್ರ ಅನ್ಯಾಯವಾಗಿದೆ. ಅವಳಿಗೆ ಹೆಂಗಸರ ಮೇಲೆ ಪ್ರೀತಿ ಅನ್ನುವುದನ್ನು ಚಿತ್ರ ಸೂಚನೆಯಲ್ಲೇ ಮುಗಿಸುತ್ತದೆ. ಅವಳ ಸಂಗಾತಿ ಬಿಟ್ಟುಹೋದದ್ದನ್ನು ತೋರಿಸುವ ಒಂದು ದೃಶ್ಯ ಇತ್ತು, ಕೊನೆಗೆ ಅದನ್ನು ಕೈಬಿಟ್ಟರು. ಆದರೂ ಕ್ಲೇರ್ ಬ್ಲೂಮ್ ಒಂದು ನೋಟದಲ್ಲಿ ಎಷ್ಟೋ ಹೇಳುತ್ತಾರೆ. 1963ರಲ್ಲಿ ಅಂಥವಳನ್ನು ಕೆಟ್ಟವಳಾಗಿ ತೋರಿಸದೆ, ಚುರುಕಾದ, ನೋವುಂಡ ಮನುಷ್ಯಳಾಗಿ ತೋರಿಸಿದ್ದಕ್ಕೆ ನಾನು ಈ ಚಿತ್ರವನ್ನು ಗೌರವಿಸುತ್ತೇನೆ.

ನಡುರಾತ್ರಿ:

ಯಾರೂ ಕೈ ಹಿಡಿಯುವ ದೃಶ್ಯದ ಬಗ್ಗೆ ಮಾತಾಡಿಲ್ಲವಲ್ಲ! ನನಗೆ ಇಡೀ ಚಿತ್ರ ಅಂದರೆ ಅದೇ.

ಕತ್ತಲು. ಗೋಡೆಯ ಮೇಲೆ ಎಲೆಬಳ್ಳಿಯ ಉಬ್ಬು ಕೆತ್ತನೆ. ಆಚೆಯಿಂದ ಗಂಡಸಿನ ಗೊಣಗಾಟ, ಅರ್ಥವಾಗದ ಮಾತು, ಮಧ್ಯೆ ಮಗುವಿನ ಅಳು. ಕ್ಯಾಮೆರಾ ಆ ಗೋಡೆಯನ್ನೇ ನೋಡುತ್ತದೆ. ಬೆಳಕು ಒಂಚೂರು ಬದಲಾಗುತ್ತದೆ, ಎಲೆಗಳ ನಡುವೆ ಎರಡು ಕಣ್ಣು, ಒಂದು ಬಾಯಿ ಕಂಡ ಹಾಗಾಗುತ್ತದೆ. ನಿಜಕ್ಕೂ ಅಲ್ಲಿ ಮುಖ ಇದೆಯಾ? ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ, ಬರೀ ಎಲೆ. ಓಡಿಸಿದರೆ ಮತ್ತೆ ಮುಖ. ನೆಲ್ ಥಿಯೋ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ, ನೋವಾಗುವಷ್ಟು ಬಿಗಿಯಾಗಿ. ಕಿರುಚುತ್ತಾಳೆ. ದೀಪ ಹತ್ತುತ್ತದೆ. ಥಿಯೋ ಕೋಣೆಯ ಆ ಕಡೆ ಇದ್ದಾಳೆ.

ಇಲ್ಲಿ ಒಳದನಿ ಇಲ್ಲದಿದ್ದರೆ ದೃಶ್ಯವೇ ಇಲ್ಲ ಅನ್ನುವುದನ್ನು ಗಮನಿಸಿ. ಅವಳು ಮನಸ್ಸಿನಲ್ಲಿ ಮಾತಾಡುತ್ತಿರುವುದರಿಂದಲೇ ನಾವು ಕೈ ಥಿಯೋದು ಅಂತ ನಂಬುವುದು. ಹಾಗಾಗಿ ಒಳದನಿಯನ್ನು ಪೂರ್ತಿ ತೆಗೆದುಹಾಕಿ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ನನ್ನ ದೂರು ಬೇರೆ. ಮಾರ್ಕ್‌ವೇ ಹೆಂಡತಿ ಗ್ರೇಸ್ ಅರ್ಧದಾರಿಯಲ್ಲಿ ಬಂದು ಸೇರುತ್ತಾಳಲ್ಲ, ಅದು. ಕಾದಂಬರಿಯಲ್ಲಿ ಅವಳು ಪ್ರೇತಗಳನ್ನು ನಂಬುವವಳು, ಚಿತ್ರದಲ್ಲಿ ನಂಬದವಳು. ಅವಳನ್ನು ತಂದದ್ದು ನೆಲ್‌ಗೆ ಮಾರ್ಕ್‌ವೇ ಮೇಲಿದ್ದ ಆಸೆಯನ್ನು ಒಡೆಯುವುದಕ್ಕೆ. ಆದರೆ ನೆಲ್ ಮನಸ್ಸು ಒಡೆಯಲು ಕೈಗೆ ಸಿಗದ ಒಬ್ಬ ಗಂಡಸು ಸಾಕಾ? ಅವಳಿಗೆ ಬೇಕಾಗಿದ್ದು ಮನೆ, ತನ್ನವರು. ಮದುವೆಯಾದ ಗಂಡಸಿನ ಕಥೆ ಬಂದ ತಕ್ಷಣ ದೊಡ್ಡ ಹಸಿವು ಚಿಕ್ಕದಾಯಿತು. ಮತ್ತೆ ಸುರುಳಿ ಮೆಟ್ಟಿಲ ತುದಿಯಲ್ಲಿ ಮುಚ್ಚಳ ತೆರೆದು ಗ್ರೇಸ್ ಮುಖ ಕಾಣಿಸುವುದು! ಎಲ್ಲರೂ ಬೆಚ್ಚಿಬೀಳುತ್ತಾರೆ, ನಾನೂ ಬಿದ್ದೆ. ಆದರೆ ಏನನ್ನೂ ತೋರಿಸುವುದಿಲ್ಲ ಅಂತ ಮಾತು ಕೊಟ್ಟ ಚಿತ್ರ ಅಲ್ಲಿ ಒಂದು ಕ್ಷಣ ಮಾತು ತಪ್ಪಿತು.

ಬಿಳಿಪರದೆ:

ಆ ಮುಖದ ಬಗ್ಗೆ ನಿಮ್ಮ ಜೊತೆ ಜಗಳ ಆಡಬೇಕು. ಮೆಟ್ಟಿಲು ಹತ್ತುವ ಆ ಇಡೀ ಭಾಗ ಅದಕ್ಕಾಗಿಯೇ ಕಟ್ಟಿದ್ದು. ಕಬ್ಬಿಣದ ಮೆಟ್ಟಿಲು ನಿಜವಾಗಿಯೂ ಅಲ್ಲಾಡುವ ಹಾಗೆ ಮಾಡಿದ್ದರು. ಕ್ಯಾಮೆರಾವನ್ನು ಕಂಬಿಯ ಉದ್ದಕ್ಕೂ ಜಾರಿಸಿ ತೆಗೆದಿದ್ದಾರೆ. ನೋಡುವಾಗ ನಮಗೂ ತಲೆ ಸುತ್ತುತ್ತದೆ. ಆ ಎತ್ತರದಲ್ಲಿ, ಪಾಪ, ದಾರಿ ತಪ್ಪಿ ಅಲೆಯುತ್ತಿರುವ ಒಬ್ಬ ಹೆಂಗಸಿನ ಮುಖ. ಅದು ದೆವ್ವವಲ್ಲ. ಈ ಮನೆಯಲ್ಲಿ ಮನುಷ್ಯರೇ ದೆವ್ವದ ಹಾಗೆ ಆಗುತ್ತಾರೆ ಅನ್ನುವುದೇ ಕಥೆ ಅಲ್ವಾ? ವೈಸ್ ನಿರ್ದೇಶನ ಶುರು ಮಾಡಿದ್ದು ಹೆದರಿಕೆಯ ಚಿತ್ರಗಳ ನಿರ್ಮಾಪಕ ವ್ಯಾಲ್ ಲ್ಯೂಟನ್ ಅವರ ಕೈಕೆಳಗೆ. 1945ರ 'ದಿ ಬಾಡಿ ಸ್ನ್ಯಾಚರ್' ಅಲ್ಲಿಯದೇ. ನೆರಳಿನಿಂದ ಹೆದರಿಸುವುದನ್ನು ಕಲಿಸಿದ ಜಾಗ ಅದು. ಆದರೆ ಬಿಗಿದ ತಂತಿಯನ್ನು ಒಮ್ಮೆಯಾದರೂ ಬಿಡಬೇಕು ಅನ್ನುವುದೂ ಅಲ್ಲಿಯದೇ ಪಾಠ.

ಒಬ್ಬಳೇನೋಡುವವಳು:

ನಾನು ಇಲ್ಲಿ ಬರೆಯುವುದು ಕಡಿಮೆ. ಈ ಚರ್ಚೆ ಓದಿ ಸುಮ್ನಿರಲು ಆಗಲಿಲ್ಲ.

ನನ್ನ ತಾಯಿ ಆರು ವರ್ಷ ಹಾಸಿಗೆಯಲ್ಲಿದ್ದರು. ಮಾತು ನಿಂತುಹೋಗಿತ್ತು. ಏನಾದರೂ ಬೇಕಾದರೆ ಪಕ್ಕದಲ್ಲಿದ್ದ ಸ್ಟೀಲ್ ಲೋಟಕ್ಕೆ ಚಮಚ ತಟ್ಟುತ್ತಿದ್ದರು. ಎರಡು ಸಲ ತಟ್ಟಿದರೆ ನೀರು. ಬಿಡದೆ ತಟ್ಟಿದರೆ ನೋವು. ನಾನು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆ. ಅವರು ಹೋದ ಮೇಲೂ ಎಷ್ಟೋ ತಿಂಗಳು ನಡುರಾತ್ರಿ ಆ ಸದ್ದು ಕೇಳಿಸಿ ಎದ್ದು ಕೂರುತ್ತಿದ್ದೆ. ಒಂದು ಸಲ ಬಾಗಿಲವರೆಗೂ ಹೋಗಿ, ಬಂದೆ ಅಂತ ಹೇಳಿದ್ದೇನೆ. ಲೋಟವನ್ನು ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ. ಆಮೇಲೂ ಕೇಳಿಸುತ್ತಿತ್ತು.

ಇದೆಲ್ಲಾ ಆದ ಎರಡು ವರ್ಷದ ಮೇಲೆ ಈ ಚಿತ್ರ ನೋಡಿದೆ. ನೆಲ್ ಅರೆನಿದ್ದೆಯಲ್ಲಿ ಗೋಡೆಗೆ ಉತ್ತರ ಕೊಟ್ಟಾಗ ನಾನು ಚಿತ್ರ ನಿಲ್ಲಿಸಿ ಎದ್ದು ಹೋದೆ. ಉಳಿದದ್ದನ್ನು ಮಾರನೇ ದಿನ ನೋಡಿದೆ. ತಾಯಿ ಸತ್ತ ರಾತ್ರಿ ಗೋಡೆ ಬಡಿದಿದ್ದಳು, ತಾನು ಕೇಳಿಸಿಕೊಂಡು ಮತ್ತೆ ಮಲಗಿಬಿಟ್ಟೆನೇನೋ ಅಂತ ನೆಲ್ ಹೇಳುವ ಜಾಗವಿದೆ. ಆರೈಕೆ ಮಾಡಿದ ಯಾರನ್ನಾದರೂ ಕೇಳಿ, ಎಲ್ಲರ ಹತ್ತಿರವೂ ಅಂಥ ಒಂದು ರಾತ್ರಿ ಇರುತ್ತದೆ.

ಒಳದನಿಯ ಬಗ್ಗೆ ನೀವೆಲ್ಲಾ ಮಾತಾಡುತ್ತಿದ್ದೀರಿ. ನನಗೆ ಅದು ಜಾಸ್ತಿ ಅನಿಸಲೇ ಇಲ್ಲ. ವರ್ಷಗಟ್ಟಲೆ ಒಂದು ಕೋಣೆಯಲ್ಲಿ, ಉತ್ತರ ಕೊಡಲಾಗದವರ ಜೊತೆ ಇದ್ದರೆ ಮನಸ್ಸು ಹಾಗೇ ಮಾತಾಡಲು ಶುರು ಮಾಡುತ್ತದೆ. ತನ್ನನ್ನೇ ಹೊಗಳಿಕೊಳ್ಳುತ್ತದೆ, ಮರುಗಳಿಗೆ ಬೈದುಕೊಳ್ಳುತ್ತದೆ, ಯಾರೋ ನಕ್ಕರೆ ನನ್ನನ್ನೇ ನೋಡಿ ನಕ್ಕರು ಅನ್ನುತ್ತದೆ. ಕಾರು ಓಡಿಸುವಾಗ ಅವಳ ದನಿ ಕೇಳಿ ನನಗೆ ನನ್ನದೇ ದನಿ ಕೇಳಿದ ಹಾಗಾಯಿತು. ಅವಳ ಮುಖ ನೋಡಿ ಎಲ್ಲಾ ಗೊತ್ತಾಗುತ್ತದೆ ಅಂದಿರಿ. ಹೊರಗಿನವರಿಗೆ ಗೊತ್ತಾಗುವುದು ಮುಖ ಅಷ್ಟೇ. ಒಳಗೆ ಎಷ್ಟು ಗದ್ದಲ ಇದೆ ಅನ್ನುವುದು ಮುಖದಲ್ಲಿ ಬರುವುದಿಲ್ಲ.

ಸೌಂಡ್‌ಪೆಟ್ಟಿಗೆ:

ನೀವು ಬರೆದದ್ದನ್ನು ಎರಡು ಸಲ ಓದಿದೆ. ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್.

ಇದಕ್ಕೆ ಸಂಬಂಧಿಸಿದ ಒಂದು ವಿಷಯ. ಚಿತ್ರೀಕರಣದ ದಿನಗಳಲ್ಲಿ ಜೂಲಿ ಹ್ಯಾರಿಸ್ ಖಿನ್ನತೆಯಲ್ಲಿದ್ದರು. ಬೇರೆ ನಟರಿಂದ ದೂರವೇ ಉಳಿದುಬಿಟ್ಟರು. ತನ್ನ ಮೇಲೆ ಏನೋ ಕೋಪ ಇರಬೇಕು ಅಂತ ಕ್ಲೇರ್ ಬ್ಲೂಮ್ ಅಂದುಕೊಂಡಿದ್ದರಂತೆ. ಚಿತ್ರ ಮುಗಿದ ಮೇಲೆ ಹ್ಯಾರಿಸ್ ಹೋಗಿ ವಿಷಯ ತಿಳಿಸಿದರು, ಇಬ್ಬರೂ ಸ್ನೇಹಿತೆಯರಾದರು. ಹೊಸನೋಡುಗ ಅವರಿಗೆ ನೆಲ್ ಹತ್ತಿರವಾಗಲಿಲ್ಲ ಅಂದರಲ್ಲ, ಆ ದೂರ ಸೆಟ್‌ನಲ್ಲೂ ಇತ್ತು.

ಕತ್ತಲಕೋಣೆ:

ಒಬ್ಬಳೇನೋಡುವವಳು, ನಿಮ್ಮ ಮಾತು ಓದಿದ ಮೇಲೆ ನಿನ್ನೆ ರಾತ್ರಿ ಐದನೇ ಸಲ ನೋಡಿದೆ. ಈ ಸಲ ಒಳದನಿಯನ್ನೇ ಹಿಂಬಾಲಿಸಿದೆ. ಎಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತಾ ಹೋದೆ.

ನನ್ನ ಅಭಿಪ್ರಾಯ ಅರ್ಧ ಬದಲಾಗಿದೆ. ನಾನು ಮೂರ್ನಾಲ್ಕು ಸಲ ನೋಡಿಯೂ ಗಮನಿಸದೆ ಬಿಟ್ಟದ್ದು ಒಂದಿತ್ತು. ಚಿತ್ರ ಶುರುವಾಗುವುದು ಮಾರ್ಕ್‌ವೇ ದನಿಯಿಂದ. ಹಿಲ್ ಹೌಸ್ ಬಗ್ಗೆ, ಅಲ್ಲಿ ಒಂಟಿಯಾಗಿ ನಡೆಯುವ ಯಾವುದರದೋ ಬಗ್ಗೆ ಅವನು ಹೇಳುತ್ತಾನೆ. ಚಿತ್ರ ಮುಗಿಯುವಾಗ ಹೆಚ್ಚುಕಮ್ಮಿ ಅದೇ ಮಾತುಗಳು ಮತ್ತೆ ಬರುತ್ತವೆ. ಆದರೆ ಈಗ ದನಿ ನೆಲ್‌ದು. ಅಲ್ಲಿ ನಡೆಯುವುದು 'ಯಾವುದೋ' ಅಲ್ಲ, 'ನಾವು'. ಅವಳು ಸತ್ತಿದ್ದಾಳೆ, ಮೊದಲ ಹೆಂಡತಿ ಸತ್ತ ಅದೇ ಮರದ ಹತ್ತಿರ. ಆದರೂ ಮಾತಾಡುತ್ತಿದ್ದಾಳೆ. ಇಡೀ ಚಿತ್ರ ಅವಳ ದನಿಗೆ ನಮ್ಮ ಕಿವಿಯನ್ನು ಒಗ್ಗಿಸಿದ್ದು ಈ ಕೊನೆಯ ಮಾತಿಗೆ. ಒಳದನಿ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಅದು ಯಾರ ದನಿ ಅಂತಲೂ ಗೊತ್ತಾಗುತ್ತಿರಲಿಲ್ಲ. ಹಾಗೆ ನೋಡಿದರೆ ಚಿತ್ರದಲ್ಲಿ ಒಂದು ದೆವ್ವ ಇದೆ. ನಾವು ಸುಮಾರು ಎರಡು ಗಂಟೆ ಅವಳ ಮನಸ್ಸಿನ ಮಾತು ಕೇಳಿರುತ್ತೇವೆ.

ಉಳಿದ ಅರ್ಧ ಇನ್ನೂ ಹಾಗೇ ಇದೆ. ಮಧ್ಯದಲ್ಲಿ, ಮಾರ್ಕ್‌ವೇ ಅವಳ ಕಡೆ ನೋಡಿದಾಗ, ಗ್ರೇಸ್ ಬಂದಾಗ, ಅವಳ ಮುಖ ಮುದುಡುವುದನ್ನು ನಾವು ನೋಡಿಯಾದ ಮೇಲೆ ದನಿ ಬಂದು ಅದನ್ನೇ ಹೇಳುತ್ತದೆ. ಆ ಜಾಗಗಳನ್ನು ನಾನು ಈಗಲೂ ಕತ್ತರಿಸುತ್ತೇನೆ. ಸಂಕಲನಕಾರನಾಗಿದ್ದ ವೈಸ್ ಯಾಕೆ ಕತ್ತರಿಸಲಿಲ್ಲವೋ. ಆದರೆ ಕಾರಿನ ದೃಶ್ಯ ಇರಲಿ, ಕೈ ಹಿಡಿಯುವುದು ಇರಲಿ, ಕೊನೆಯದ್ದು ಇರಲೇಬೇಕು.

ನಡುರಾತ್ರಿ:

ಆ ಕೊನೆಯ ಕಾರಿನ ಬಗ್ಗೆ ಒಂದು ಪ್ರಶ್ನೆ. ಸ್ಟಿಯರಿಂಗ್ ತಾನಾಗಿ ತಿರುಗಿತಾ, ಅವಳೇ ತಿರುಗಿಸಿದಳಾ? ಅವಳ ಕೈಗಳು ಅದರ ಜೊತೆ ಗುದ್ದಾಡುವುದನ್ನು ತೋರಿಸುತ್ತಾರೆ. ಗ್ರೇಸ್ ಅಡ್ಡ ಓಡುವುದನ್ನೂ ತೋರಿಸುತ್ತಾರೆ. ಮೂರು ಕಾರಣಗಳನ್ನೂ ಒಟ್ಟಿಗೆ ನಮ್ಮ ಕೈಗೆ ಕೊಡುತ್ತಾರೆ.

ಪುಸ್ತಕದಹುಳು:

ಕಾದಂಬರಿಯಲ್ಲಿ ಅದು ಇನ್ನೂ ಕ್ರೂರ. ಅಲ್ಲಿ ಅಡ್ಡ ಬರುವವರು ಯಾರೂ ಇಲ್ಲ. ಕೊನೆಯ ಕ್ಷಣದಲ್ಲಿ ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನುವ ಅರಿವು ಬರುತ್ತದೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ಚಿತ್ರದಲ್ಲಿ ಗ್ರೇಸ್ ಅಡ್ಡ ಬಂದದ್ದರಿಂದ ಅಪಘಾತ ಅನ್ನುವ ಒಂದು ಸುಲಭ ದಾರಿ ಉಳಿಯಿತು. ಆ ಒಂದು ಓಟವನ್ನು ತೆಗೆದಿದ್ದರೆ ಚೆನ್ನಾಗಿತ್ತು.

ಹೊಸನೋಡುಗ:

ನಾನು ಮತ್ತೆ ಬಂದೆ. ಇಷ್ಟೆಲ್ಲಾ ಓದಿದ ಮೇಲೆ ಒಂದು ಅವಕಾಶ ಕೊಡೋಣ ಅಂತ ನಿನ್ನೆ ಮತ್ತೆ ಹಾಕಿದೆ. ಮೊದಲ ಸಲ ಫೋನಿನಲ್ಲಿ, ಹಗಲು ಹೊತ್ತಿನಲ್ಲಿ ನೋಡಿದ್ದೆ. ಈ ಸಲ ದೀಪ ಆರಿಸಿ, ಹೆಡ್‌ಫೋನ್ ಹಾಕಿ ಕೂತೆ.

ಲ್ಯೂಕ್ ಈಗಲೂ ಇಷ್ಟವಾಗಲಿಲ್ಲ. ಮೊದಲ ಅರ್ಧ ಗಂಟೆ ಈಗಲೂ ನಿಧಾನ. ಆದರೆ ಆ ಬಡಿತದ ದೃಶ್ಯದಲ್ಲಿ ಸೌಂಡ್‌ಪೆಟ್ಟಿಗೆ ಹೇಳಿದ ಹಾಗೆ ಇಬ್ಬರ ಕಣ್ಣುಗಳನ್ನೇ ನೋಡಿದೆ. ಸದ್ದು ಬಾಗಿಲ ಹತ್ತಿರ ಬಂದು ನಿಂತಿತು. ಹಿಡಿ ತಿರುಗಿತು. ನಾನು ಹೆಡ್‌ಫೋನ್‌ನ ಒಂದು ಕಡೆ ತೆಗೆದು, ನಮ್ಮ ಕೋಣೆಯ ಬಾಗಿಲ ಕಡೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.